ಎರಡರ ಪಾಳಿ

ನಮ್ಮೂರಿನ ಅಂಗಳದಲ್ಲಿ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ಡಂಬಳದ ಹತ್ತಿರದ ಸಣ್ಣ ಹಳ್ಳಿ ಅದು. ಅಪ್ಪನಿಗೂ ಕಾಕಾನಿಗೂ ಸೇರಿ ಒಂದೇ ಬಾವಿ, ಒಂದೇ ಮೋಟಾರು. ಇಬ್ಬರ ಹೊಲದಲ್ಲೂ ಉಳ್ಳಾಗಡ್ಡಿ, ಮೆಣಸಿನಗಿಡ. ಕರೆಂಟು ಬರುತ್ತಿದ್ದುದು ರಾತ್ರಿ ಹೊತ್ತು. ಹಾಗಾಗಿ ನೀರಿಗೆ ಪಾಳಿ ಇತ್ತು. ಮೂರು ತಾಸು ನಮಗೆ, ಮೂರು ತಾಸು ಕಾಕಾನಿಗೆ.

ಆ ಪಾಳಿ ನಡೆಯುತ್ತಿದ್ದುದು ಅಪ್ಪನ ಎಚ್‌ಎಂಟಿ ಜನತಾ ವಾಚಿನ ಲೆಕ್ಕದಲ್ಲಿ. ಮದುವೆಯಲ್ಲಿ ಅವ್ವನ ತವರಿನವರು ಕೊಟ್ಟ ವಾಚು. ಧಾರವಾಡ ಆಕಾಶವಾಣಿಯಲ್ಲಿ ವಾರ್ತೆಗೆ ಮೊದಲು ಪೀಂ ಪೀಂ ಅಂತ ಸದ್ದು ಬರುತ್ತದಲ್ಲ, ಅದಕ್ಕೆ ಕಾದು ಅಪ್ಪ ಮುಳ್ಳು ಸರಿ ಮಾಡುತ್ತಿದ್ದ. ರಾತ್ರಿ ನನ್ನನ್ನೂ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದ. ಬ್ಯಾಟರಿ ಬೆಳಕಿನಲ್ಲಿ ವಾಚು ನೋಡುತ್ತಿದ್ದ. ನಮ್ಮ ಮಡಿಗೆ ಇನ್ನೂ ನೀರು ತುಂಬಿರದಿದ್ದರೂ, ಹೊತ್ತಾಯಿತೆಂದರೆ ಸಲಿಕೆ ಹಾಕಿ ನೀರು ಆ ಕಡೆ ತಿರುಗಿಸಿಬಿಡುತ್ತಿದ್ದ. ಅಲ್ಲಿ ಬದುವಿನ ಮೇಲೆ ಕಾಕಾ ಕಂಬಳಿ ಹೊದ್ದು ಕೂತಿರುತ್ತಿದ್ದ.

ಇನ್ನೊಂದು ಹತ್ತು ನಿಮಿಷ ಬಿಟ್ಟರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಕಾಯಾಂವಗ ಹೊತ್ತು ದೊಡ್ಡದು ಇರ್ತೈತೋ ತಮ್ಮಾ," ಅಂದಿದ್ದ ಅಪ್ಪ.

ನಾನು ಹದಿನೇಳು ವರ್ಷ ಸೈನ್ಯದಲ್ಲಿದ್ದೆ. ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕೊಂದರ ಸೆಕ್ಯುರಿಟಿ ಕೆಲಸ. ಕೈಯಲ್ಲಿ ಇವತ್ತಿಗೂ ಚಾವಿ ವಾಚು, ದಿನಾ ತಿರುಪಿ ಚಾವಿ ಕೊಡಬೇಕಾದದ್ದು. "ಯಾಕ್ರೀ ಇನ್ನೂ ಇದನ್ನ ಕಟ್ತೀರಿ?" ಎಂದು ಬ್ಯಾಂಕಿನ ಹುಡುಗರು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಸೇರಿದ್ದು 1996ರಲ್ಲಿ. ಆಗ ಗದಗ ಇನ್ನೂ ಜಿಲ್ಲೆ ಆಗಿರಲಿಲ್ಲ, ನಮ್ಮದೆಲ್ಲ ಧಾರವಾಡ ಜಿಲ್ಲೆಯೇ. ಬೆಳಗಾವಿಯಲ್ಲಿ ತರಬೇತಿ. ಅಲ್ಲಿ ನಮ್ಮ ಹೊತ್ತೆಲ್ಲ ಕಲಿಸುವ ಉಸ್ತಾದರ ಕೈಯಲ್ಲಿತ್ತು. ಅವರು ಏಳು ಅಂದರೆ ಬೆಳಗು, ಮಲಗು ಅಂದರೆ ರಾತ್ರಿ. ಫಾಲಿನ್‌ಗೆ, ಅಂದರೆ ಸಾಲಾಗಿ ನಿಲ್ಲುವುದಕ್ಕೆ, ಐದು ನಿಮಿಷ ಮೊದಲೇ ನಿಂತಿರಬೇಕು. ಸರಿಯಾದ ಹೊತ್ತಿಗೆ ಬಂದವನೂ ಅಲ್ಲಿ ತಡವಾಗಿ ಬಂದವನೇ. ಮಧ್ಯಾಹ್ನ ಎರಡು ಗಂಟೆ ಎನ್ನುವಂತಿಲ್ಲ, ಹದಿನಾಲ್ಕು ಗಂಟೆ ಎನ್ನಬೇಕು. ಹಗಲೋ ರಾತ್ರಿಯೋ ಎಂಬ ಗೊಂದಲ ಯಾರಿಗೂ ಬರಬಾರದು, ಅಷ್ಟೇ.

ತರಬೇತಿ ಮುಗಿಸಿ ಮೊದಲ ಸಲ ರಜೆಗೆ ಬಂದಾಗ ಅಪ್ಪನ ಜೊತೆ ಹುಬ್ಬಳ್ಳಿಗೆ ಹೋದೆ. ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ವಾಚು ನೋಡಿದೆವು. ದುಡ್ಡು ನನ್ನದು, ಸಂಬಳದಲ್ಲಿ ಉಳಿಸಿದ್ದು. ಅಂಗಡಿಯವರು ಸೆಲ್ ವಾಚುಗಳನ್ನೇ ತೆಗೆದು ತೋರಿಸುತ್ತಿದ್ದರು. ತೆಳ್ಳಗೆ, ಚೆಂದ. ನನಗೂ ಅದೇ ಬೇಕಿತ್ತು. ಅಪ್ಪ ಒಂದೇ ಮಾತು ಕೇಳಿದ. "ನೀ ಹೋಗೋ ಕಡೆ ಸೆಲ್ ಸಿಗ್ತಾವೇನು? ಚಾವೀದು ತಗೋ. ಕೈ ಇರೋತನಕ ಓಡ್ತೈತಿ."

ಕಪ್ಪು ಡಯಲಿನ ಎಚ್‌ಎಂಟಿ ಪೈಲಟ್ ತೆಗೆದುಕೊಂಡೆ. ದೊಡ್ಡ ಅಂಕಿಗಳು, ಕತ್ತಲಲ್ಲಿ ಹಸಿರಾಗಿ ಹೊಳೆಯುವ ಮುಳ್ಳು. ಒಳಗೆ ಹದಿನೇಳು ಜ್ಯೂಯೆಲ್. ಈ ಜ್ಯೂಯೆಲ್ ಎಂದರೆ ಒಡವೆಗೆ ಹಾಕುವ ಹರಳಲ್ಲ. ಸಣ್ಣ ಸಣ್ಣ ಗಾಲಿಗಳ ಅಚ್ಚು ಸವೆಯದಂತೆ ತಿರುಗಲಿ ಎಂದು ಕೂರಿಸಿದ ಗಟ್ಟಿ ಕೆಂಪು ಕಲ್ಲು. ಅದರ ಬ್ಯಾಲೆನ್ಸ್ ಗಾಲಿ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ತಾಸಿಗೆ 18,000. ಕಿವಿಗೆ ಹಿಡಿದರೆ ಮಳೆ ಹನಿದಂತೆ ಸದ್ದು.

ಎಚ್‌ಎಂಟಿ ನಮ್ಮ ರಾಜ್ಯದ್ದು ಎನ್ನುವ ಹೆಮ್ಮೆ ನನಗೆ ಬಹಳ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಅವರ ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಆಮೇಲೆ ತುಮಕೂರಿನಲ್ಲೂ ಆಯಿತು. ಜವಾನ್ ಎಂಬ ಹೆಸರಿನ ವಾಚನ್ನೂ ಮಾಡಿದ್ದರು. ಒಂದು ಕೋರ್ಸಿನಲ್ಲಿ ಈಗಿನ ಉತ್ತರಾಖಂಡದ ಹಲ್ದ್ವಾನಿಯ ಹುಡುಗನೊಬ್ಬ ಸಿಕ್ಕಿದ್ದ. ಅವನ ಕೈಯಲ್ಲೂ ಎಚ್‌ಎಂಟಿ. ಇದು ನಮ್ಮೂರ ಕಡೆಯದು ಅಂದೆ. ಇಲ್ಲ, ನಮ್ಮ ರಾಣಿಬಾಗ್ ಕಾರ್ಖಾನೆಯದು ಅಂದ ಅವನು. ಅವನು ಹೇಳಿದ್ದೂ ನಿಜ, ಅಲ್ಲೂ ಒಂದು ಕಾರ್ಖಾನೆ ಇತ್ತು. ಇಬ್ಬರೂ ವಾಚು ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದೆವು. ಎರಡರ ನಡುವೆ ಇಪ್ಪತ್ತು ಸೆಕೆಂಡು ವ್ಯತ್ಯಾಸ. ನಕ್ಕು, ನಾನು ನನ್ನದನ್ನು ಅವನದಕ್ಕೆ ಸರಿ ಮಾಡಿಕೊಂಡೆ.

ವಾಚು ಗಂಡಸರ ಕೈಗೆ ಬಂದದ್ದರಲ್ಲಿ ಸೈನಿಕರ ಪಾಲು ದೊಡ್ಡದು. ಯುರೋಪಿನಲ್ಲಿ ಮೊದಲು ಗಂಡಸರು ಸರಪಳಿ ಗಡಿಯಾರವನ್ನು ಜೇಬಿನಲ್ಲಿ ಇಡುತ್ತಿದ್ದರು. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂಬ ಭಾವನೆ ಇತ್ತು. 1914ರಿಂದ 1918ರ ಮಹಾಯುದ್ಧ ಅದನ್ನು ಬದಲಿಸಿತು. ಹಿಂದಿನಿಂದ ತೋಪಿನವರು ಗುಂಡು ಹಾರಿಸುತ್ತಾರೆ. ಆ ಗುಂಡು ಬೀಳುವ ಜಾಗ ನಿಮಿಷದ ಲೆಕ್ಕದಲ್ಲಿ ಮುಂದೆ ಮುಂದೆ ಸರಿಯುತ್ತದೆ. ಅದರ ಹಿಂದೆಯೇ ಕಾಲಾಳುಗಳು ನಡೆಯಬೇಕು. ಒಂದು ನಿಮಿಷ ಮುಂಚೆ ಹೋದರೆ ನಮ್ಮವರ ಗುಂಡಿಗೇ ನಾವು ಸಿಗುತ್ತೇವೆ. ತಡವಾದರೆ ಎದುರಿನವನು ತಲೆ ಎತ್ತುತ್ತಾನೆ. ಒಂದು ಕೈಯಲ್ಲಿ ಬಂದೂಕು ಹಿಡಿದವನು ಜೇಬಿನಿಂದ ಗಡಿಯಾರ ತೆಗೆಯುವುದು ಹೇಗೆ? ಕೈಗೇ ಕಟ್ಟಿಕೊಂಡರು. ಇವತ್ತಿಗೂ ಕೆಲಸಕ್ಕೆ ಹೊರಡುವ ಮುನ್ನ ಸಾಹೇಬರು ಆದೇಶ ಮುಗಿಸಿ ಎಲ್ಲರ ವಾಚು ಒಂದು ಮಾಡಿಸುತ್ತಾರೆ. ಮೂವತ್ತು ಸೆಕೆಂಡು, ಹತ್ತು, ಐದು, ಈಗ. ಆ "ಈಗ" ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆಕಾಶವಾಣಿಯ ಆ ಕೊನೆಯ ಪೀಂ ನೆನಪಾಗುತ್ತಿತ್ತು.

ಸೈನಿಕ ವಾಚು ಕಟ್ಟುವ ರೀತಿಯೇ ಬೇರೆ. ನಮ್ಮಲ್ಲಿ ಹಲವರು ಡಯಲನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟುತ್ತಿದ್ದೆವು. ಬಂದೂಕು ಹಿಡಿದ ಕೈ ಅಲುಗಿಸದೆ ಹೊತ್ತು ನೋಡಬಹುದು. ಬಿಸಿಲಿಗೆ ಗಾಜು ಮಿಂಚಿ ದೂರದವನಿಗೆ ಕಾಣುವ ಭಯವಿಲ್ಲ. ಬಂಡೆಗೆ ಬಡಿದು ಗಾಜು ಒಡೆಯುವುದೂ ಕಡಿಮೆ. ನನ್ನ ಚರ್ಮದ ಬೆಲ್ಟು ಬೆವರಿಗೆ ಒಂದೇ ವರ್ಷದಲ್ಲಿ ಕೊಳೆತು ಹರಿಯಿತು. ಯೂನಿಟ್ಟಿನ ದರ್ಜಿ ಹಳೆಯ ಕ್ಯಾನ್ವಾಸ್ ಪಟ್ಟಿಯಿಂದ ಒಂದು ಬೆಲ್ಟು ಹೊಲಿದು ಕೊಟ್ಟ. ಒಂದೇ ಪಟ್ಟಿ, ವಾಚಿನ ಕೆಳಗಿನಿಂದ ಹಾದುಹೋಗುತ್ತದೆ. ಒಂದು ಕಡೆಯ ಪಿನ್ನು ಕಿತ್ತರೂ ವಾಚು ಬೀಳುವುದಿಲ್ಲ. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ನೈಲಾನಿನಲ್ಲಿ ಇಂಥದ್ದೇ ಪಟ್ಟಿಗೆ ನಿಯಮ ಬರೆದಿತ್ತು ಎಂದು ಬಹಳ ವರ್ಷದ ಮೇಲೆ ಓದಿದೆ. ನಮ್ಮ ದರ್ಜಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಸುಮ್ನೆ ತನ್ನ ತಲೆ ಓಡಿಸಿ ಹೊಲಿದಿದ್ದ.

ಹೊಳೆಯುವ ಮುಳ್ಳಿಗೆ ನಾವೆಲ್ಲ ರೇಡಿಯಂ ಅನ್ನುತ್ತೇವೆ. ಬೈಕಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಗೂ ಹುಬ್ಬಳ್ಳಿಯಲ್ಲಿ ರೇಡಿಯಂ ಅಂಗಡಿ ಎಂದೇ ಹೆಸರು. ಆ ಹೆಸರಿನ ಹಿಂದೆ ದೊಡ್ಡ ನೋವಿದೆ. ನೂರು ವರ್ಷದ ಹಿಂದೆ ವಾಚಿನ ಅಂಕಿಗಳಿಗೆ ನಿಜವಾದ ರೇಡಿಯಂ ಬಳಿಯುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಆ ಕೆಲಸಕ್ಕೆ ಎಳೆಯ ಹುಡುಗಿಯರು. ಕುಂಚದ ತುದಿ ಚೂಪಾಗಲಿ ಎಂದು ತುಟಿಗೆ ಇಟ್ಟುಕೊಳ್ಳುತ್ತಿದ್ದರು. ದವಡೆಯ ಎಲುಬು ಕೊಳೆತು ಎಷ್ಟೋ ಜನ ಸತ್ತರು. ಸೈನಿಕ ಕತ್ತಲಲ್ಲಿ ಹೊತ್ತು ನೋಡಲಿ ಎಂದು ಅಲ್ಲೆಲ್ಲೋ ಒಬ್ಬಳು ಹುಡುಗಿ ಜೀವ ತೆತ್ತಳು. ಇದನ್ನು ತಿಳಿದ ಮೇಲೆ ಆ ಹಸಿರು ಬೆಳಕನ್ನು ನೋಡುವಾಗ ಒಂದು ಕ್ಷಣ ಮನಸ್ಸು ಭಾರವಾಗುತ್ತದೆ. ಈಗ ಬಳಸುವ ಬಣ್ಣದಲ್ಲಿ ಆ ವಿಷ ಇಲ್ಲ.

ಇನ್ನೊಂದು ಸಂಗತಿ ನನಗೆ ಅರುಣಾಚಲಕ್ಕೆ ಹೋದಾಗ ತಿಳಿಯಿತು. ಜೂನ್ ತಿಂಗಳಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಬೆಳಕು ಹರಿದಿರುತ್ತದೆ. ನಮ್ಮ ಗದಗಿನಲ್ಲಿ ಆಗ ಇನ್ನೂ ಕತ್ತಲು, ಸೂರ್ಯ ಬರುವುದು ಆರರ ಸುಮಾರಿಗೆ. ದೇಶಕ್ಕೆಲ್ಲ ಒಂದೇ ಹೊತ್ತು, ಅದೂ ಪ್ರಯಾಗದ ಹತ್ತಿರ ಹಾದುಹೋಗುವ ಎಂಬತ್ತೆರಡೂವರೆ ಡಿಗ್ರಿ ರೇಖೆಯ ಲೆಕ್ಕ. ಗದಗಿನಲ್ಲಿ ಸೂರ್ಯ ನೆತ್ತಿಗೆ ಬಂದಾಗ ವಾಚಿನಲ್ಲಿ ಹೆಚ್ಚುಕಡಿಮೆ ಹನ್ನೆರಡೂವರೆ. ಬಿಸಿಲು ನೋಡಿ ಹೊತ್ತು ಹೇಳುತ್ತಿದ್ದ ಅವ್ವನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. ಆದರೆ ಒಂದು ಒಳ್ಳೆಯದಿತ್ತು. ಇಲ್ಲಿ ಅಪ್ಪ ನೀರು ತಿರುಗಿಸುವ ಹೊತ್ತಿಗೆ ಅಲ್ಲಿ ನನ್ನ ವಾಚಿನಲ್ಲೂ ಅದೇ ಹೊತ್ತು. ಆಕಾಶ ಬೇರೆ, ಮುಳ್ಳು ಒಂದೇ.

ಈಗ ಆ ರಾತ್ರಿಯ ಮಾತು.

2003ರ ಚಳಿಗಾಲ. ಲಡಾಖ್ ಕಡೆಯ ಒಂದು ಸಣ್ಣ ಪೋಸ್ಟು. ಏಳು ಜನ. ಎರಡೆರಡು ತಾಸಿನ ಕಾವಲು ಪಾಳಿ. ಪಾಳಿಯವನನ್ನು ಎಬ್ಬಿಸುವುದು ಹವಾಲ್ದಾರರ ಕೆಲಸ. ಆ ದಿನ ಅವರಿಗೆ ಮೈ ಸುಡುವ ಜ್ವರ. "ನೀವು ಮಲಗಿ ಸಾಹೇಬ್, ನನ್ನ ಹತ್ತಿರ ವಾಚಿದೆ, ನಾನೇ ಎದ್ದು ಹೋಗುತ್ತೇನೆ" ಎಂದಿದ್ದೆ. ನನ್ನದು ಎರಡರಿಂದ ನಾಲ್ಕು. ನನಗಿಂತ ಮೊದಲು ಹನ್ನೆರಡರಿಂದ ಎರಡರವರೆಗೆ ನಿಂತವನು ಸಾತಾರ ಕಡೆಯ ನನ್ನ ಜೋಡಿದಾರ. ಬೆಳಗಾವಿಯಿಂದಲೂ ಜೊತೆಗಿದ್ದವನು. ನನಗೆ ಮರಾಠಿ ಕಲಿಸಿದವನು. ಅವ್ವ ಕಳಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ಅವನಿಗೇ ಹೋಗುತ್ತಿತ್ತು.

ಅವತ್ತು ಹದಿನೈದು ದಿನದ ಮೇಲೆ ಟಪಾಲು ಬಂದಿತ್ತು. ಅವ್ವ ಯಾರ ಕೈಯಲ್ಲೋ ಬರೆಸಿದ ಪತ್ರ. ಕಾಕಾ ತೀರಿಕೊಂಡಿದ್ದ. ಪತ್ರ ನನ್ನ ಕೈಗೆ ಬರುವಾಗ ಊರಲ್ಲಿ ದಿನಕರ್ಮವೂ ಮುಗಿದಿತ್ತು. ಅದನ್ನೇ ಎಷ್ಟು ಸಲ ಓದಿದೆನೋ. ಚಳಿ ಕಾಯಿಸುವ ಬುಖಾರಿ ಒಲೆಯ ಪಕ್ಕ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕು ಮಲಗಿದೆ.

ಎಚ್ಚರವಾದಾಗ ವಾಚು ನೋಡಿದೆ. ಒಂದೂ ಹತ್ತು. ಇನ್ನೂ ಐವತ್ತು ನಿಮಿಷ ಇದೆ ಎಂದು ಮತ್ತೆ ಕಣ್ಣು ಮುಚ್ಚಿದೆ. ಮತ್ತೆ ಎಚ್ಚರವಾಯಿತು. ಮತ್ತೆ ನೋಡಿದೆ. ಒಂದೂ ಹತ್ತು. ನಿದ್ದೆಗಣ್ಣಲ್ಲಿ ಅದೂ ತಲೆಗೆ ಹೋಗಲಿಲ್ಲ. ಈಗಷ್ಟೇ ಕಣ್ಣು ಮುಚ್ಚಿದ್ದೆ ಎಂದುಕೊಂಡೆ. ಮೂರನೆಯ ಸಲ ಕೈ ಕಿವಿಯ ಹತ್ತಿರ ಬಂತು. ಸದ್ದಿಲ್ಲ.

ಟಪಾಲು ಬಂದ ದಿನದ ಹಿಂದಿನ ದಿನ ಬೆಳಿಗ್ಗೆ ಚಾವಿ ಕೊಟ್ಟದ್ದೇ ಕೊನೆ. ಆಮೇಲೆ ಮರೆತಿದ್ದೆ.

ಬೂಟು ಹಾಕಿಕೊಂಡು ಓಡಿದೆ. ಅವನು ನಿಂತಲ್ಲೇ ನಿಂತಿದ್ದ. ಅವನ ವಾಚಿನಲ್ಲಿ ಎರಡೂ ಐವತ್ತು. ಜಾಗ ಬಿಟ್ಟು ಬಂದು ನನ್ನನ್ನು ಎಬ್ಬಿಸುವ ಹಾಗಿರಲಿಲ್ಲ, ಎಬ್ಬಿಸಲು ಕೂಗುವ ಹಾಗೂ ಇರಲಿಲ್ಲ. ಆ ಚಳಿಯಲ್ಲಿ ಎರಡು ತಾಸೇ ಕಷ್ಟ. ಅದರ ಮೇಲೆ ಐವತ್ತು ನಿಮಿಷ. ಮಾತಾಡಲು ಅವನ ತುಟಿ ಏಳುತ್ತಿರಲಿಲ್ಲ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದು ಇಷ್ಟೇ. ಗಾಳಿ ಎಡಗಡೆಯಿಂದ ಇದೆ, ಮುಖ ಮುಚ್ಚಿಕೋ.

ಅವನ ಎಡಗಾಲಿನ ಎರಡು ಬೆರಳು ಆಮೇಲೆ ಸರಿಹೋಗಲೇ ಇಲ್ಲ. ಬೆರಳು ಉಳಿದವು, ಆದರೆ ಅವುಗಳಲ್ಲಿ ಜೀವ ಬರಲಿಲ್ಲ.

ಬೆಳಿಗ್ಗೆ ನಾನೇ ಹೋಗಿ ಹವಾಲ್ದಾರರ ಮುಂದೆ ನಿಂತೆ. "ವಾಚು ನಿಂತುಹೋಗಿತ್ತು ಸಾಹೇಬ್" ಅಂದೆ. ಅವರು ಜ್ವರದಲ್ಲೇ ಎದ್ದು ಕೂತರು. "ವಾಚು ನಿಂತಿತ್ತು ಅನ್ನಬೇಡ," ಅಂದರು. "ಚಾವಿ ಕೊಟ್ಟಿರಲಿಲ್ಲ ಅನ್ನು." ಶಿಕ್ಷೆಯೂ ಆಯಿತು. ಅದು ನೆನಪಿಲ್ಲ. ಆ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಅವತ್ತಿನವರೆಗೆ ವಾಚು ನನ್ನದು, ನನಗಾಗಿ ಕಟ್ಟಿದ್ದು ಅಂದುಕೊಂಡಿದ್ದೆ. ಅಪ್ಪ ಹೊಲದಲ್ಲಿ ಯಾರಿಗಾಗಿ ವಾಚು ನೋಡುತ್ತಿದ್ದ ಎನ್ನುವುದು ಆಗ ಹೊಳೆಯಿತು. ಅವನ ಕಣ್ಣು ವಾಚಿನ ಮೇಲಿದ್ದರೂ ಮನಸ್ಸು ಬದುವಿನ ಮೇಲೆ ಕೂತ ತಮ್ಮನ ಕಡೆಗಿತ್ತು. ಆ ತಮ್ಮ ಸತ್ತ ಸುದ್ದಿ ಓದಿದ ರಾತ್ರಿಯೇ ನಾನು ಪಾಳಿ ತಪ್ಪಿಸಿದೆ.

ಅಂದಿನಿಂದ ಬೆಳಿಗ್ಗೆ ಐದೂಕಾಲಿಗೆ ಚಾವಿ. ಮೂವತ್ತು ಸುತ್ತಿನ ಹತ್ತಿರ ಬಂದಾಗ ಬೆರಳಿಗೆ ಬಿಗಿ ಸಿಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಚಳಿ ಜಾಸ್ತಿ ಇರುವ ಕಡೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ, ವಾಚು ಹಿಂದೆ ಬೀಳುತ್ತದೆ. ಅದಕ್ಕೇ ತೋಳಿನ ಒಳಗೆ, ಚರ್ಮಕ್ಕೆ ತಾಗಿಸಿ ಕಟ್ಟುತ್ತಿದ್ದೆ. ರಾತ್ರಿ ಬಿಚ್ಚುತ್ತಿರಲಿಲ್ಲ. ಸೆಲ್ ವಾಚು ಇದಕ್ಕಿಂತ ಸರಿಯಾದ ಹೊತ್ತು ತೋರಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದಂತೆ. ನನ್ನದು ಐದು ಸಲ. ಆದರೂ ನನಗೆ ಚಾವಿ ವಾಚೇ ಬೇಕು. ಅದು ದಿನಾ ಒಮ್ಮೆ ನನ್ನನ್ನು ಕೇಳುತ್ತದೆ.

ಅಕ್ಕನ ಮಗ ಈಗ ಅಗ್ನಿವೀರ ಆಗಲು ತಯಾರಿ ನಡೆಸಿದ್ದಾನೆ. ಬೆಳಗಿನ ಜಾವ ಗದಗಿನಿಂದ ಮುಳಗುಂದದ ರಸ್ತೆಯಲ್ಲಿ ಓಡುವ ಹುಡುಗರ ಗುಂಪಿನಲ್ಲಿ ಅವನೂ ಇರುತ್ತಾನೆ. 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಬೇಕು ಎಂಬುದು ಅವನ ಗುರಿ. ಕೈಯಲ್ಲಿ ಸ್ಮಾರ್ಟ್ ವಾಚು. ಓಡಿದ ದಾರಿ, ಎದೆ ಬಡಿತ, ಎಲ್ಲವೂ ಫೋನಿಗೆ ಹೋಗುತ್ತದೆ. ತಯಾರಿಗೆ ಅದು ಒಳ್ಳೆಯದೇ. "ಮಾಮಾ, ಸೇರಿದ ಮೇಲೂ ಇದನ್ನೇ ಕಟ್ಟಬಹುದಲ್ಲ?" ಎಂದು ಕೇಳಿದ.

ಅವನಿಗೆ ಸ್ಟ್ರಾವಾದ ಕಥೆ ಹೇಳಿದೆ. ಓಡುವವರು, ಸೈಕಲ್ ಹೊಡೆಯುವವರು ಬಳಸುವ ಆ್ಯಪ್ ಅದು. ಎಲ್ಲರೂ ಓಡಿದ ದಾರಿಗಳನ್ನು ಸೇರಿಸಿ 2017ರ ಕೊನೆಗೆ ಅವರು ಪ್ರಪಂಚದ ನಕ್ಷೆಯೊಂದನ್ನು ಹೊರಗೆ ಬಿಟ್ಟರು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಅದರಲ್ಲಿ ಬೇರೆಯೇ ಕಂಡಿತು. ಸಿರಿಯಾ, ಅಫ್ಘಾನಿಸ್ತಾನದ ಕತ್ತಲೆಯ ನಡುವೆ ಚೌಕ ಚೌಕವಾಗಿ ಬೆಳಗುವ ಗೆರೆಗಳು. ಸೈನಿಕರು ಬೆಳಿಗ್ಗೆ ಸಂಜೆ ತಮ್ಮ ಶಿಬಿರದ ಸುತ್ತ ಓಡಿದ ದಾರಿ ಅದು. ಯಾರೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ವಾಚು ಕಟ್ಟಿ ಓಡಿದ್ದರು, ಅಷ್ಟೇ. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಾರ್ಯಾಚರಣೆಯ ಜಾಗಗಳಲ್ಲಿ ಇಂಥ ಉಪಕರಣಗಳ ಜಾಗ ತೋರಿಸುವ ಸೌಲಭ್ಯವನ್ನು ನಿಷೇಧಿಸಿತು. ನಮ್ಮ ಸೈನ್ಯವೂ 2020ರಲ್ಲಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತು.

"ಕಟ್ಟಿಕೊಂಡವನಿಗೆ ಹೊತ್ತು ಹೇಳಬೇಕು, ಬೇರೆಯವರಿಗೆ ಅವನ ಜಾಗ ಹೇಳಬಾರದು. ಅಂಥಾ ವಾಚು ಕಟ್ಟಪ್ಪ," ಅಂದೆ. ಅವನು ನನ್ನ ಪೈಲಟ್ ವಾಚನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಇದೇ ಬೇಕು ಎಂದು ಬಾಯಿಬಿಟ್ಟು ಕೇಳಲಿಲ್ಲ. ನಾನೂ ಕೊಡುತ್ತೇನೆ ಅನ್ನಲಿಲ್ಲ. ಅವನು ತನ್ನ ದುಡ್ಡಿನಲ್ಲಿ ಒಂದು ಕೊಳ್ಳಲಿ.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಓದಿ ಮನಸ್ಸು ಕೆಟ್ಟಿತ್ತು. ಮುಂದಿನ ತಿಂಗಳು ಅದಕ್ಕಿಂತ ಎಷ್ಟೋ ದೊಡ್ಡ ಸುದ್ದಿ ಬಂತು. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದ ಪೋಸ್ಟಿನ ಮೇಲೆ ಹಿಮ ಕುಸಿದು ಹತ್ತು ಜನ ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು. ಆ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ದರ್ಗಾ, ಗುಡಿ, ಮಠ ಎಲ್ಲ ಕಡೆ ಹರಕೆ. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಆ ಆರು ದಿನ ಅವರಿಗೆ ಹೇಗೆ ಕಳೆದಿರಬಹುದು ಎಂದು ನಾನು ಯೋಚಿಸಲು ಹೋಗುತ್ತೇನೆ, ಆಗುವುದಿಲ್ಲ. ಐವತ್ತು ನಿಮಿಷ ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ಕಂಡವನು.

ನನ್ನ ವಾಚನ್ನು ದುರ್ಗದ ಬೈಲಿನ ಹತ್ತಿರದ ಚಾಚಾ ನೋಡಿಕೊಳ್ಳುತ್ತಾರೆ. ಒಂದು ಕುರ್ಚಿ, ಒಂದು ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಗಿಸುವ ಭೂತಗನ್ನಡಿ, ಅಷ್ಟೇ ಅವರ ಅಂಗಡಿ. ಹೋದ ಸಲ ಹಿಂದಿನ ಮುಚ್ಚಳ ತೆಗೆದು, "ಎಣ್ಣಿ ಒಣಗೇತ್ರಿ, ಸ್ಪ್ರಿಂಗ್ ಗಟ್ಟಿ ಐತಿ" ಅಂದರು. ದಿನಾ ಒಂದೇ ಹೊತ್ತಿಗೆ ಚಾವಿ ಕೊಟ್ಟ ವಾಚು ಕೈಗೆ ತಗೊಂಡ ಕೂಡಲೇ ಗೊತ್ತಾಗುತ್ತದಂತೆ ಅವರಿಗೆ. ಅದು ಹೇಗೋ ನಾನು ಕೇಳಲಿಲ್ಲ. ಕೇಳಿ ಖುಷಿಯಾಯಿತು.

ಕಳೆದ ವರ್ಷ ನನ್ನ ಮಗಳ ಮದುವೆಗೆ ಸಾತಾರದ ಜೋಡಿದಾರ ಬಂದ. ಮಿರಜ್, ಬೆಳಗಾವಿ ದಾರಿಯಾಗಿ ಬರುವ ಗಾಡಿ. ನಾನು ಅರ್ಧ ತಾಸು ಮೊದಲೇ ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ತಡವಾಯಿತು. ಬೆಂಚು ಖಾಲಿ ಇತ್ತು. ಕೂರಲು ಮನಸ್ಸಾಗಲಿಲ್ಲ, ನಿಂತೇ ಕಾದೆ.

ಇಳಿದವನೇ ಅಪ್ಪಿಕೊಂಡ. ಆಮೇಲೆ ನನ್ನ ಎಡಗೈ ಹಿಡಿದು, ಅಂಗೈ ಕಡೆಗಿದ್ದ ಡಯಲನ್ನು ಕಿವಿಗೆ ಹಚ್ಚಿಕೊಂಡ. ಸುತ್ತಲೂ ಗದ್ದಲ. ಆದರೂ ಕಣ್ಣು ಮುಚ್ಚಿ ಕೇಳಿದ.

"ಯಾವಾಗ ಕೊಟ್ಟೆ?" ಎಂದ ಮರಾಠಿಯಲ್ಲಿ.

"ಐದೂಕಾಲಿಗೆ."

ಹೂಂ ಅಂದು ಕೈ ಬಿಟ್ಟ. ಹುಬ್ಬಳ್ಳಿಯ ಆ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಅವನ ಡಬ್ಬಿ ನಿಂತದ್ದು ತೀರಾ ಹಿಂದೆ. ಎಡಗಾಲು ಸ್ವಲ್ಪ ಎಳೆದೇ ನಡೆಯುತ್ತಾನೆ ಅವನು. ಅವನ ಚೀಲ ನಾನು ಹೊತ್ತುಕೊಂಡೆ. ಹೊತ್ತು ನೋಡದೆ, ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೊರಗೆ ನಡೆದೆವು.